ಇಬ್ಬರಿಗೂ ಏಳು

ನಮ್ಮ ಅಂಕಿಗಳು ತೀರಾ ಚೆನ್ನಾಗಿ ಹೊಂದುತ್ತಿವೆ ಎಂದು ನಮ್ಮ ಸರ್ ಸಿಟ್ಟಾಗಿದ್ದಾರೆ ಅಂದಾಗ ಅಮ್ಮ ನಂಬಲಿಲ್ಲ.

"ಸರಿ ಬಂದ್ರೆ ಯಾರಾದ್ರೂ ಸಿಟ್ಟಾಗ್ತಾರೇನೇ? ನೀನೇ ಏನೋ ಎಡವಟ್ಟು ಮಾಡಿರ್ತೀಯ" ಎಂದು ರೊಟ್ಟಿ ತಟ್ಟುತ್ತಲೇ ಇದ್ದಳು.

ಅಮ್ಮನಿಗೆ ವಿವರಿಸಲು ಹೋಗಿ ಸೋತಿದ್ದನ್ನು ಇಲ್ಲಿ ಇನ್ನೊಮ್ಮೆ ಪ್ರಯತ್ನಿಸುತ್ತೇನೆ. ನಾನು ಓದಿದ್ದು ಸಂಖ್ಯಾಶಾಸ್ತ್ರ. ಅದನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣ, ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಬೇಕಾಗಿಲ್ಲ ಎಂಬ ಭರವಸೆ. ಆದರೆ ಎಂ.ಎಸ್ಸಿ. ಮುಗಿದ ಮೇಲೆ ನನಗೆ ಸಿಕ್ಕಿದ ಮೊದಲ ಕೆಲಸವೇ ಊರೂರು ತಿರುಗಿ, ಪರಿಚಯವಿಲ್ಲದ ಹೆಂಗಸರ ಮುಂದೆ ಕೂತು, "ನಿಮ್ಮ ಮಂಡಿ ಎಷ್ಟು ನೋಯುತ್ತದೆ?" ಎಂದು ಕೇಳುವುದಾಯಿತು. ಕೂಲಿ ಮಾಡುವ ಹೆಂಗಸರ ಸೊಂಟ ಮತ್ತು ಮಂಡಿ ನೋವಿನ ಬಗ್ಗೆ ಒಂದು ಸಂಶೋಧನೆ. ನಡೆಸುತ್ತಿದ್ದವರು ಜಿಲ್ಲಾ ಕೇಂದ್ರದ ಒಬ್ಬ ವೈದ್ಯರು. ನಾವು ಸರ್ ಎನ್ನುತ್ತಿದ್ದುದು ಇವರನ್ನೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕು ನಮಗೆ.

ನೋವಿಗೆ ಥರ್ಮಾಮೀಟರ್ ಇಲ್ಲ. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾರದಷ್ಟು ನೋವು, ನಿಮ್ಮದು ಎಷ್ಟು ಹೇಳಿ ಎಂದು ಕೇಳಬೇಕು. ಕೇಳಿದ ಮೇಲೆ ಆ ಉತ್ತರವನ್ನು ನಂಬಬಹುದೇ ಎಂದು ನೋಡಬೇಕು. ಅದಕ್ಕೊಂದು ದಾರಿಯಿದೆ. ಅದೇ ಹೆಂಗಸನ್ನು ಅದೇ ದಿನ ಇಬ್ಬರು ಬೇರೆಬೇರೆಯಾಗಿ ಕೇಳುವುದು. ನನಗೆ ಆರು ಎಂದವಳು ಇನ್ನೊಬ್ಬರಿಗೆ ಐದೋ ಏಳೋ ಎಂದರೆ ಪ್ರಶ್ನೆ ಚೆನ್ನಾಗಿದೆ ಎಂದರ್ಥ. ನನಗೆ ಎರಡು, ಅವರಿಗೆ ಒಂಬತ್ತು ಎಂದರೆ ಪ್ರಶ್ನೆಯಲ್ಲೇ ತೊಂದರೆಯಿದೆ. ಇಬ್ಬರಿಗೂ, ಎಲ್ಲರೂ, ಒಂದೂ ಆಚೀಚೆಯಾಗದೆ ಅಷ್ಟಕ್ಕಷ್ಟೇ ಹೇಳಿದರೆ? ಪುಸ್ತಕಗಳಲ್ಲಿ ಅದಕ್ಕೆ ಅಭಿನಂದನೆ ಇಲ್ಲ, ಅನುಮಾನ ಇದೆ. ಬೆಳಿಗ್ಗೆಯ ಮಂಡಿ ಮಧ್ಯಾಹ್ನದ ಮಂಡಿಯಲ್ಲ. ಮನುಷ್ಯರು ಸ್ವಲ್ಪವಾದರೂ ತಪ್ಪಬೇಕು.

ನನ್ನ ಜೊತೆ ಕೇಳುತ್ತಿದ್ದವಳು ನ್ಯಾಮತಿಯವಳು, ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಇಬ್ಬರು ಮಕ್ಕಳ ತಾಯಿ. ಬಿ.ಎ. ಮಾಡಿ, ಮದುವೆಯಾಗಿ, ಮಕ್ಕಳು ಹೈಸ್ಕೂಲಿಗೆ ಬರುವವರೆಗೆ ಮನೆಯಲ್ಲೇ ಇದ್ದವಳು. ಇದು ಅವಳ ಜೀವನದ ಮೊದಲ ಕೆಲಸ. ಕೊರಳಿಗೆ ಹಾಕಿಕೊಳ್ಳುವ ಗುರುತಿನ ಚೀಟಿಯನ್ನು ಹಿಟ್ಟಿನ ಗಿರಣಿಗೆ ಹೋಗುವಾಗಲೂ ತೆಗೆಯುತ್ತಿರಲಿಲ್ಲ ಎಂದು ಅವಳ ಗಂಡ ಗೇಲಿ ಮಾಡುತ್ತಿದ್ದರಂತೆ. ಮಾತಿನಲ್ಲಿ ನಾನು ಎಷ್ಟು ಜಿಪುಣಿಯೋ ಅವಳು ಅಷ್ಟೇ ಧಾರಾಳಿ. ನ್ಯಾಮತಿ ಕಡೆಯ ಸೂರಗೊಂಡನಕೊಪ್ಪದಲ್ಲಿ ಜಾತ್ರೆಗೆ ನೆಂಟರು ಬಂದಿದ್ದರಿಂದ ಯಾರಿಗೂ ನಮ್ಮ ಕಡೆ ತಿರುಗಲು ಪುರುಸೊತ್ತಿರಲಿಲ್ಲ. ನಾನು ಇನ್ನೊಂದು ದಿನ ಬರೋಣ ಎಂದೆ. ಅಕ್ಕ ಸೀದಾ ಒಂದು ಅಡುಗೆಮನೆಗೆ ನುಗ್ಗಿ, ಈರುಳ್ಳಿ ಹೆಚ್ಚುತ್ತಾ ಕೂತು, ಅಲ್ಲಿದ್ದ ಹೆಂಗಸರ ಸೊಂಟದ ಕಥೆಯನ್ನೆಲ್ಲ ಕೇಳಿ ಮುಗಿಸಿದಳು.

ಹೊನ್ನಾಳಿ, ನ್ಯಾಮತಿ, ಜಗಳೂರಿನ ಅಂಕಿಗಳೆಲ್ಲ ಸರಿಯಾಗಿಯೇ ಬಂದವು. ಸರಿ ಎಂದರೆ, ಎಷ್ಟು ತಪ್ಪಬೇಕೋ ಅಷ್ಟು ತಪ್ಪಿ. ಜಗಳೂರಿನ ಸೊಕ್ಕೆಯಲ್ಲಿ ಒಬ್ಬ ಹೆಂಗಸು ನನಗೆ ನಾಲ್ಕು ಎಂದು, ಅಕ್ಕನಿಗೆ ಆರು ಎಂದಳು. ಯಾಕೆಂದರೆ ನಡುವೆ ಶೇಂಗಾ ಬಿಡಿಸಲು ಕೂತಿದ್ದಳು. ಇದು ಆರೋಗ್ಯಕರ ವ್ಯತ್ಯಾಸ.

ತೊಂದರೆಯಾದದ್ದು ಚನ್ನಗಿರಿ ಕಡೆಯ ನಲ್ಲೂರಿನಲ್ಲಿ. ಅಲ್ಲಿ ಮನೆಮನೆಗೆ ಹೋಗುವ ಬದಲು ಅಡಿಕೆ ಸುಲಿಯುವ ಒಂದು ಶೆಡ್ಡಿಗೆ ಹೋದೆವು. ಹೆಂಗಸರು ಸಾಲಾಗಿ ಕತ್ತಿಗಳ ಮುಂದೆ ಕೂತು ಬೆಳಗಿನಿಂದ ಸಂಜೆಯವರೆಗೆ ಹಸಿ ಅಡಿಕೆ ಸುಲಿಯುತ್ತಾರೆ. ಮಂಡಿ ನೋವು ಹುಡುಕುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ನಿಯಮದ ಪ್ರಕಾರ ನಾನು ಬೆಳಿಗ್ಗೆ ಹೋಗಿ ಕೇಳಿ, ಹಾಳೆಗಳನ್ನು ಕವರಿಗೆ ಹಾಕಿ ಪಿನ್ ಹೊಡೆದು, ಶೆಡ್ಡಿನ ಯಜಮಾನರ ಬಳಿ ಕೊಟ್ಟು ಬಸ್ ಹತ್ತಿದೆ. ಮಧ್ಯಾಹ್ನ ಅಕ್ಕ ಬಂದು ಕೇಳಿ, ಎರಡೂ ಕವರುಗಳನ್ನು ಮರುದಿನ ಆಫೀಸಿಗೆ ತಲುಪಿಸಿದಳು. ನಾವಿಬ್ಬರೂ ಅಂದು ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಹಳೆಯ ಕಾಲದ ಮದುಮಕ್ಕಳಂತೆ ಎಂದು ಅಕ್ಕ ನಗುತ್ತಿದ್ದಳು.

ಸರ್ ನಮ್ಮಿಬ್ಬರನ್ನೂ ಕರೆಸಿ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟರು. ಏಳಕ್ಕೆ ಏಳು, ಐದಕ್ಕೆ ಐದು, ಎಂಟಕ್ಕೆ ಎಂಟು. ಕೊನೆಯವರೆಗೂ ಹಾಗೆಯೇ.

ಸರ್ ಒಳ್ಳೆಯವರು. ಬೇರೆ ಸೀಮೆಯವರು, ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಮಾತಾಡುತ್ತಾರೆ. ಅಂದೂ ದನಿ ಏರಿಸಲಿಲ್ಲ.

"ಮೊದಲ ಕವರು ಯಾರ ಕೈಯಲ್ಲಿತ್ತು?"

"ನನ್ ಕೈಯಾಗೇ ಇತ್ತು ಸಾರ್" ಅಂದಳು ಅಕ್ಕ. "ಪಿನ್ನು ಹೊಡೆದಂಗೇ ಇತ್ತು."

"ಪಿನ್ನನ್ನು ತೆಗೆದು ಮತ್ತೆ ಹೊಡೆಯಬಹುದಮ್ಮ. ಬೆಳಿಗ್ಗೆ ಇವರಿಗೆ ಇಡೀ ಹೊತ್ತು ಬೇಕಾಯಿತು. ಅಷ್ಟೇ ಜನರನ್ನು ನೀವು ಅಷ್ಟು ಬೇಗ ಕೇಳಿ ಮುಗಿಸಿದ್ದು ಹೇಗೆ?"

"ಅವ್ರು ಕೇಳಾಕೆ ಮುಂಚೆನೇ ಹೇಳ್ತಿದ್ರು ಸಾರ್. ಯೋಚನೆ ಮಾಡಿ ಹೇಳ್ರಿ ಅಂದ್ರೂ ಹೇಳ್ತಿದ್ರು. ನಾನೇನ್ ಮಾಡ್ಲಿ?"

ಅವಳ ಉತ್ತರ ಯಾರಿಗೂ ಸಾಲದು ಎಂದು ಅವಳಿಗೂ ಗೊತ್ತಿತ್ತು. ತಿಂಗಳ ಕೊನೆಗೆ ಅವಳ ಗುತ್ತಿಗೆ ಮುಗಿಯುವುದಿತ್ತು. ಇದಕ್ಕೊಂದು ಸಮಾಧಾನಕರ ಕಾರಣ ಸಿಗದಿದ್ದರೆ ಮುಂದುವರಿಸುವುದು ಕಷ್ಟ ಎಂದು ಸರ್ ಹೇಳಿದರು. ಒಂದು ಜಾಗದ ಅಂಕಿ ಸುಳ್ಳಾದರೆ ಉಳಿದ ಮೂರೂ ತಾಲ್ಲೂಕಿನದನ್ನು ಯಾರೂ ನಂಬುವುದಿಲ್ಲ. ಅದೂ ನಿಜವೇ. ಅವರ ಜಾಗದಲ್ಲಿ ನಾನಿದ್ದರೂ, ಅಕ್ಕನ ಮುಖ ಗೊತ್ತಿಲ್ಲದೆ ಬರೀ ಆ ಎರಡು ಹಾಳೆ ಕಂಡಿದ್ದರೆ, ಅದನ್ನೇ ಹೇಳುತ್ತಿದ್ದೆ. ಆದರೆ ಈರುಳ್ಳಿ ಹೆಚ್ಚಿಕೊಟ್ಟು ಸೊಂಟದ ಕಥೆ ಕೇಳುವವಳಿಗೆ ಹಾಳೆ ನೋಡಿ ಅಂಕಿ ಇಳಿಸುವ ಅಗತ್ಯವಾದರೂ ಏನು? ಇದು ನನಗೆ ಖಚಿತವಾಗಿ ಗೊತ್ತಿತ್ತು. ಆದರೆ ಖಚಿತವಾಗಿ ಗೊತ್ತಿರುವುದನ್ನು ಅಳತೆಯಲ್ಲಿ ತೋರಿಸಲಾಗದಿದ್ದರೆ ಅದಕ್ಕೆ ಆ ಕೋಣೆಯಲ್ಲಿ ಬೆಲೆಯಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ತೆಗೆದುಕೊಂಡೆವು. ಅಕ್ಕ ಮಿರ್ಚಿ ಮುಟ್ಟಲಿಲ್ಲ. ಅದು ನನಗೆ ಅಳುವುದಕ್ಕಿಂತ ದೊಡ್ಡ ವಿಷಯವಾಗಿ ಕಂಡಿತು.

"ನಮ್ಮ ಮನೆಯೋರು ಏನಂತಾರೆ ಗೊತ್ತಾ?" ಅಂದಳು. "ಬಿಡು, ಮನೇಲೇ ಇರು ಅಂತಾರೆ. ಬೈಯಲ್ಲ. ಬೈದ್ರೆ ವಾಸಿ. ಅಯ್ಯೋ ಪಾಪ ಅಂತಾರೆ."

ನಾನು ಸಮಾಧಾನ ಹೇಳುವುದರಲ್ಲಿ ದಡ್ಡಿ. ಸುಮ್ಮನೆ ಅವಳ ಮಿರ್ಚಿಯನ್ನೂ ತಿಂದೆ.

"ತಿನ್ನು, ತಿನ್ನು. ಸಂಖ್ಯಾಶಾಸ್ತ್ರ ಓದಿದೋರಿಗೆ ಹೊಟ್ಟೆ ಜಾಸ್ತಿ" ಎಂದು ಆಗ ಮಾತ್ರ ಸ್ವಲ್ಪ ನಕ್ಕಳು.

ಮನೆಗೆ ಬಂದು ಯೋಚಿಸಿದೆ. ಅಕ್ಕ ನಕಲು ಮಾಡಿಲ್ಲ ಎಂದಾದರೆ ಆ ಹೆಂಗಸರು ನಿಜವಾಗಿಯೂ ಅಷ್ಟಕ್ಕಷ್ಟೇ ಹೇಳಿದ್ದಾರೆ. ಹಾಗಾದರೆ ಮೂರನೆಯವರು ಹೋಗಿ ಕೇಳಿದರೂ ಹಾಗೆಯೇ ಹೇಳಬೇಕು. ಮರುದಿನ ಸರ್ ಬಳಿ ಹೋಗಿ, ನಲ್ಲೂರಿನಲ್ಲಿ ಇನ್ನೊಮ್ಮೆ ಅಳೆಯೋಣ, ಬೆಳಿಗ್ಗೆ ನಾನು, ಮಧ್ಯಾಹ್ನ ನೀವೇ, ಅಕ್ಕ ಶೆಡ್ಡಿನ ಹತ್ತಿರವೂ ಬರುವುದು ಬೇಡ, ಅಂದೆ. ಅಷ್ಟು ಉದ್ದದ ವಾಕ್ಯವನ್ನು ಅವರ ಮುಂದೆ ನಾನು ಅದುವರೆಗೆ ಆಡಿರಲಿಲ್ಲ. ಸರ್ ಕನ್ನಡಕ ತೆಗೆದು ಒರೆಸಿಕೊಂಡು, "ಇದು ನ್ಯಾಯವಾದ ಪರೀಕ್ಷೆ" ಅಂದರು.

ನ್ಯಾಯವಾದ ಪರೀಕ್ಷೆ ಎಂದರೆ ನಾವು ಸೋಲಲೂಬಹುದಾದ ಪರೀಕ್ಷೆ. ಈ ಸಲ ಸರ್‌ಗೆ ಉಳಿದ ಊರುಗಳ ಹಾಗೆ ಐದಕ್ಕೆ ಆರು, ಏಳಕ್ಕೆ ಆರು ಸಿಕ್ಕಿತೆಂದರೆ ಅಕ್ಕನ ಕಥೆ ಅಲ್ಲಿಗೇ ಮುಗಿಯುತ್ತದೆ. ಹಾಗೆ ಮುಗಿಸಿದವಳು ನಾನೇ ಆಗುತ್ತೇನೆ. ಅಕ್ಕನಿಗೆ ಇದನ್ನು ಫೋನಿನಲ್ಲಿ ಹೇಳಿದೆ.

"ಆಗ್ಲಿ ಬಿಡೇ. ಹೆಂಗೂ ಅನುಮಾನದಾಗೇ ಇದೀನಿ. ಅದಕ್ಕಿಂತ ಇದು ವಾಸಿ" ಅಂದಳು.

ಶನಿವಾರ ಅಕ್ಕನನ್ನು ಚನ್ನಗಿರಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬಿಟ್ಟು ನಾನು ನಲ್ಲೂರಿಗೆ ಹೋದೆ. ಅದೇ ಸಾಲು, ಅದೇ ಹೆಂಗಸರು. ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡೆ. ಮೊದಲ ಸಲ ಹೇಳಿದ್ದಂತೆಯೇ ಈಗಲೂ, "ಮಧ್ಯಾಹ್ನ ಇನ್ನೊಬ್ಬರು ಬಂದು ಇದೇ ಪ್ರಶ್ನೆ ಕೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ" ಎಂದೆ. ಅದು ನಮ್ಮ ನಿಯಮ. ಕೇಳಲು ಬರುವುದನ್ನು ಮುಂಚೆಯೇ ತಿಳಿಸುವುದು ಮರ್ಯಾದೆ ಕೂಡ.

"ಬರ್ಲಿ ತಗಳವ್ವ" ಎಂದಳು ಸಾಲಿನ ತುದಿಯಲ್ಲಿ ಕೂರುವ ಅಜ್ಜಿ. ಆ ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು. ಊಟದ ಹೊತ್ತಿಗೆ ಎಲ್ಲರ ಬುತ್ತಿಯನ್ನೂ ಬಿಚ್ಚಿಸಿ, ಒಬ್ಬರ ಪಲ್ಯ ಇನ್ನೊಬ್ಬರಿಗೆ, ಒಬ್ಬರ ಚಟ್ನಿಪುಡಿ ಎಲ್ಲರಿಗೂ ಬಡಿಸುವುದು ಅವಳ ಅಧಿಕಾರ. ಆವತ್ತು ನನ್ನನ್ನೂ ಸಾಲಿನಲ್ಲಿ ಕೂರಿಸಿ ರೊಟ್ಟಿ ಹಾಕಿದಳು. ಉಂಡು ನಾನು ಸರ್ ದಾರಿ ಕಾಯಲು ಹೊರಗೆ ರಸ್ತೆಗೆ ಹೋದೆ.

ಸರ್ ಬಂದಾಗ ಊಟವಾಗಿ ಸ್ವಲ್ಪ ಹೊತ್ತಾಗಿತ್ತು. ಬಿಳಿ ಶರ್ಟು ಹಾಕಿಕೊಂಡು ಬಂದಿದ್ದರು, ಅಡಿಕೆ ಶೆಡ್ಡಿಗೆ ಯಾರೂ ಹಾಕಿಕೊಂಡು ಬರಬಾರದ ಬಣ್ಣ. ನಾನು ಹಿಂದೆ ಕೂತು ಬಾಯಿ ತೆಗೆಯದೆ ಇರಬಹುದು ಎಂದರು. ಸಾಲಿನ ಮೊದಲ ಹೆಂಗಸಿನ ಎದುರು ಕುರ್ಚಿ ಹಾಕಿಸಿಕೊಳ್ಳದೆ ಕುಕ್ಕರುಗಾಲಿನಲ್ಲೇ ಕೂತರು. ಅದು ನನಗೆ ಹಿಡಿಸಿತು.

"ಈಗ ನಿಮ್ಮ ಮಂಡಿ ನೋವು ಎಷ್ಟಿದೆ ಅಮ್ಮ? ಸೊನ್ನೆಯಿಂದ ಹತ್ತರವರೆಗೆ?"

"ಏಳು ಬರ್ಕಳ್ರಿ."

ನನ್ನ ಹಾಳೆಯಲ್ಲೂ ಏಳೇ ಇತ್ತು. ಉಸಿರು ಬಿಟ್ಟೆ. ಎರಡನೆಯವಳು ಐದು ಅಂದಳು. ಅದೂ ಸರಿ. ಮೂರನೆಯವಳು, ಕೆಂಪು ಸೀರೆಯ ಚೂಟಿ ಹೆಂಗಸು, ತಡವರಿಸಿ ಪಕ್ಕಕ್ಕೆ ತಿರುಗಿದಳು.

"ಏ, ಬೆಳಿಗ್ಗೆ ಆ ಹುಡುಗಿಗೆ ನಾನು ಎಷ್ಟು ಹೇಳಿದ್ನೇ?"

"ನೀನೂ ಏಳೇ ಅಂದಿದ್ದಿ" ಎಂದಳು ಪಕ್ಕದವಳು.

"ಹೂಂ, ಏಳು ಬರ್ಕಳ್ರಿ ಸಾರ್."

ಸರ್ ಪೆನ್ನು ನಿಲ್ಲಿಸಿದರು. "ಬೆಳಿಗ್ಗೆ ಹೇಳಿದ್ದು ಬಿಡಿ. ಈಗ ಎಷ್ಟು ಎಂದು ಹೇಳಿ ಸಾಕು."

"ಈಗ ಉಂಡು ಒಂದೀಟು ಕಾಲು ಚಾಚಿದ್ನಲ್ಲ, ಹಗುರ ಐತ್ರಿ."

"ಹಾಗಾದರೆ ಐದು ಎಂದು ಬರೆಯಲೇ?"

"ಅಯ್ಯೋ! ಅದೆಂಗೆ ಆಗ್ತೈತ್ರಿ?" ಅವಳು ನಿಜವಾಗಿ ಗಾಬರಿಯಾದಳು. "ಆ ಹುಡುಗಿಗೆ ಏಳು ಕೊಟ್ಟು ನಿಮಗೆ ಐದು ಕೊಡಾಕೆ ಆಗ್ತೈತಾ?"

"ಯಾಕೆ ಆಗುವುದಿಲ್ಲ?"

ಉತ್ತರ ಸಾಲಿನ ತುದಿಯಿಂದ ಬಂತು. ಅಜ್ಜಿ ಕತ್ತಿಯಿಂದ ಕೈ ತೆಗೆದು, ಮಗುವಿಗೆ ಹೇಳುವಂತೆ ಹೇಳಿದಳು. "ಸಾರ್, ಕೆಲಸದ ಮ್ಯಾಲೆ ಮನೆ ಬಾಗಿಲಿಗೆ ಬಂದೋರು ನೀವೂ ಅವಳೂ ಒಂದೇ. ಒಂದೇ ಪಂಕ್ತಿಯಾಗೆ ಕುಂದ್ರಿಸಿ ಒಬ್ಬರಿಗೆ ಹೋಳಿಗೆ ಒಬ್ಬರಿಗೆ ಅನ್ನ ಬಡಿಸಾಕೆ ಆಗ್ತೈತೇನು? ಪಂಕ್ತಿಭೇದ ಆಗ್ತೈತೆ. ಬೆಳಿಗ್ಗೆ ಬಂದೋಳಿಗೆ ಎಷ್ಟೋ, ಮಧ್ಯಾಹ್ನ ಬಂದೋರಿಗೂ ಅಷ್ಟೇ. ಉಂಡ ಮ್ಯಾಲೆ ಎಲ್ಲಾರನ್ನೂ ಕೇಳಿ ನೆಪ್ಪು ಮಾಡಿಸಿಟ್ಟಿದ್ನಿ, ಆದ್ರೂ ಈ ಕೆಂಪು ಸೀರೆಯೋಳು ಮರೆತ್ಲು ನೋಡ್ರಿ."

"ನೆಪ್ಪಿತ್ತಜ್ಜೀ, ಸಾರ್ ಮುಖ ನೋಡಿ ಹೋತು" ಎಂದಳು ಕೆಂಪು ಸೀರೆಯವಳು. ಸಾಲಿಡೀ ನಕ್ಕಿತು.

ಸರ್ ನಗಲಿಲ್ಲ. ತುಂಬ ಜಾಗರೂಕವಾಗಿ ಕೇಳಿದರು. "ಆವತ್ತು ಒಬ್ಬರು ಬಂದಿದ್ದರಲ್ಲ, ನ್ಯಾಮತಿಯವರು. ಅವರಿಗೂ ಹೀಗೆಯೇ ಹೇಳಿದಿರಾ?"

"ಹಂಗೇ ಹೇಳಿದ್ವಿ. ಪಾಪ, ಯೋಚನೆ ಮಾಡಿ ಹೇಳ್ರಿ, ಯೋಚನೆ ಮಾಡಿ ಹೇಳ್ರಿ ಅಂತ ಬೇಡ್ಕಂಡ್ಲು. ನಾವು ಯೋಚನೆ ಮಾಡೇ ಇಟ್ಕಂಡಿದ್ವಲ್ಲ! ಅವಳಿಗೇನ್ ಕಡಿಮೆ ಕೊಟ್ಟಿಲ್ಲ ಸಾರ್, ಬೇಕಾದ್ರೆ ಕೇಳಿ ನೋಡ್ರಿ." ಅಜ್ಜಿ ಒಂದು ಕ್ಷಣ ಅವರ ಬಿಳಿ ಶರ್ಟನ್ನು ಅಳೆದಳು. "ನೀವು ದೊಡ್ಡ ಡಾಕ್ಟ್ರು. ನಿಮಗೆ ಎಂಟು ಕೊಡೋಣ ಅಂದ್ರೆ ಕೊಡೋಣ, ನಮ್ದೇನ್ ಹೋಗ್ತೈತಿ. ಆದ್ರೆ ಈ ಹುಡುಗಿಗೂ, ಆ ನ್ಯಾಮತಿಯೋಳಿಗೂ ಎಂಟು ಅಂತ ತಿದ್ದಬೇಕು ನೋಡ್ರಿ."

ಆಗ ಸರ್ ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಕುಕ್ಕರುಗಾಲಿನಲ್ಲಿ ಕೂತವರಿಗೆ ಆಯ ತಪ್ಪಿ, ಹಿಂದಕ್ಕೆ ಕೈ ಊರಿ, ಅಡಿಕೆ ಸಿಪ್ಪೆಯ ಮೇಲೆ ಕೂತೇಬಿಟ್ಟರು. ಹೆಂಗಸರು "ಅಯ್ಯಯ್ಯೋ ಶರ್ಟು, ಶರ್ಟು" ಎಂದು ಕೂಗಿಕೊಂಡರು.

ಉಳಿದವರನ್ನೂ ಅವರು ಪೂರ್ತಿಯಾಗಿ ಕೇಳಿದರು, ಅರ್ಧಕ್ಕೆ ಬಿಡಲಿಲ್ಲ. ನನ್ನ ಹಾಳೆ, ಅವರ ಹಾಳೆ ಪಕ್ಕಪಕ್ಕ ಇಟ್ಟೆವು. ಒಂದೂ ಆಚೀಚೆಯಿರಲಿಲ್ಲ.

ಚನ್ನಗಿರಿಗೆ ಸರ್ ಕಾರಿನಲ್ಲೇ ಬಂದೆವು. ಅಕ್ಕ ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತಿದ್ದಳು. ಬೆಳಗಿನಿಂದ ಕೂತಿದ್ದಕ್ಕೆ ಸಪ್ಲೈಯರ್ ಹುಬ್ಬು ಗಂಟಿಕ್ಕುತ್ತಿದ್ದನಂತೆ, ಅದಕ್ಕೆ ಮತ್ತೆ ಮತ್ತೆ ಚಹಾ ತರಿಸಿ ಖಾಲಿ ಲೋಟಗಳನ್ನು ಸಾಲಾಗಿ ಜೋಡಿಸಿಟ್ಟಿದ್ದಳು. ನಮ್ಮನ್ನು ಕಂಡು ಎದ್ದು ನಿಂತಳು. ನನ್ನ ಮುಖವನ್ನೇ ನೋಡಿದಳು. ನನ್ನ ಮುಖದಲ್ಲಿ ಯಾವುದೂ ಬೇಗ ಕಾಣಿಸುವುದಿಲ್ಲ ಎಂದು ಎಲ್ಲರೂ ದೂರುತ್ತಾರೆ. ಅವತ್ತು ಕಂಡಿರಬೇಕು.

ಸರ್ ಎದುರಿನ ಕುರ್ಚಿಯಲ್ಲಿ ಕೂತು, "ನಾನು ನಿಮ್ಮನ್ನು ತಪ್ಪು ತಿಳಿದುಕೊಂಡೆ. ಕ್ಷಮಿಸಬೇಕು" ಅಂದರು. ಹೋಟೆಲಿನ ಗದ್ದಲದಲ್ಲಿ ಸ್ವಲ್ಪ ಜೋರಾಗಿಯೇ ಹೇಳಬೇಕಾಯಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಅಕ್ಕ ಸೆರಗು ಸರಿಮಾಡಿಕೊಂಡಳು. "ನೀವು ಅಂಕಿ ನೋಡಿ ಅಂದ್ರಿ ಸಾರ್. ಮುಖ ನೋಡಿ ಅಂದಿದ್ರೆ ಬೇಜಾರಾಗ್ತಿತ್ತು." ಆಮೇಲೆ, "ಶರ್ಟಿಗೆ ನಿಂಬೆಹಣ್ಣು ತಿಕ್ಕಿಸ್ರಿ, ಈಗ್ಲೇ. ಒಣಗಿದ್ರೆ ಹೋಗಂಗಿಲ್ಲ" ಅಂದಳು.

ಆದರೆ ಅಕ್ಕನ ಮಾನ ಉಳಿದರೂ ನಲ್ಲೂರಿನ ನೋವನ್ನು ಅಳೆದಂತಾಗಲಿಲ್ಲ. ಬೆಳಿಗ್ಗೆಯದು ನೋವಿನ ಅಳತೆ ಎಂದರೂ ಮಧ್ಯಾಹ್ನದ್ದು ಬರೀ ಸೌಜನ್ಯದ ಅಳತೆ. ಕಾರಿನಲ್ಲಿ ವಾಪಸು ಬರುವಾಗ ಮೂವರೂ ಅದನ್ನೇ ಮಾತಾಡಿದೆವು. ಅಂಕಿ ಹೇಳಿಸಿಕೊಂಡರೆ ನೆನಪಿಟ್ಟುಕೊಳ್ಳುತ್ತಾರೆ. ನೆನಪಿಟ್ಟುಕೊಳ್ಳಲಾಗದಂತೆ ಕೇಳಬೇಕು. ಅದಕ್ಕೂ ಹಳೆಯ ವಿಧಾನವೊಂದಿದೆ, ಅಂಕಿಯೇ ಇಲ್ಲದ ಒಂದು ಗೆರೆ. ಈ ತುದಿ ನೋವಿಲ್ಲ, ಆ ತುದಿ ತಡೆಯಲಾರದ ನೋವು, ನಡುವೆ ನಿಮ್ಮದು ಎಲ್ಲಿ ತೋರಿಸಿ. ಹೊನ್ನಾಳಿಯ ಒಬ್ಬ ಬಡಗಿಯಿಂದ ನಾನು ಒಂದು ಮರದ ಪಟ್ಟಿ ಮಾಡಿಸಿದೆ. ಮುಂದೆ ಒಂದು ಮಣಿ ಸರಿದಾಡುತ್ತದೆ, ಹಿಂದೆ ನಮಗೆ ಮಾತ್ರ ಕಾಣುವಂತೆ ಸ್ಕೇಲು ಅಂಟಿಸಿದೆ. ಬಡಗಿ ಇದು ಯಾವ ಮಗುವಿನ ಆಟದ ಸಾಮಾನು ಎಂದು ಕೇಳಿದ್ದಕ್ಕೆ ಹೂಂ ಎಂದು ಬಂದೆ.

ಅಜ್ಜಿಗೆ ಪಟ್ಟಿ ಹಿಡಿಸಲಿಲ್ಲ.

"ಇದ್ರಾಗೆ ಯಾರಿಗೆ ಎಷ್ಟು ಕೊಟ್ವಿ ಅಂತ ಹೆಂಗೆ ಗೊತ್ತಾಗ್ತೈತೆ?"

"ಗೊತ್ತಾಗಬಾರದು ಅಂತಲೇ ಅಜ್ಜಿ" ಎಂದಳು ಅಕ್ಕ. ಈ ಸಲ ನಾವಿಬ್ಬರೂ ನಿಯಮದಂತೆ ಬೇರೆಬೇರೆ ಹೊತ್ತಿಗೆ ಹೋಗಿದ್ದೆವು. ಇದನ್ನು ಆಮೇಲೆ ಅವಳೇ ನನಗೆ ಹೇಳಿದ್ದು. "ನೋವು ಹೆಂಗೈತೋ ಹಂಗೆ ಮಣಿ ಸರಿಸ್ರಿ. ನಮಗೆ ಹೆಚ್ಚು ಕಡಿಮೆ ಆದ್ರೆ ನಾವಿಬ್ರು ಆಮೇಲೆ ಹಂಚ್ಕಂತೀವಿ."

ಅಜ್ಜಿ ಪೂರ್ತಿ ಒಪ್ಪಲಿಲ್ಲ. ಬೆಳಿಗ್ಗೆ ನನ್ನೆದುರೇ ಮಣಿ ಸರಿಸಿ, ಪಟ್ಟಿಯ ಮೇಲೆ ಬೆರಳಿಟ್ಟು ಅಂದಾಜು ಹಿಡಿದುಕೊಂಡಿದ್ದಳು. ಆದರೆ ಮರದ ಪಟ್ಟಿಯ ಮೇಲೆ ಬೆರಳಿನ ನೆನಪು ಮಧ್ಯಾಹ್ನದವರೆಗೆ ನಿಲ್ಲುವುದಿಲ್ಲ.

ಹಾಳೆಗಳನ್ನು ಸರ್ ಮುಂದೆ ಇಟ್ಟಾಗ ಅಂಕಿಗಳು ಒಂದರ ಪಕ್ಕ ಒಂದು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ನೆರೆಮನೆಯವರ ಹಾಗೆ ಕೂತಿದ್ದವು. ಅಕ್ಕನ ಕೈಗೆ ಬೆಳಗಿನದಕ್ಕಿಂತ ತುಸು ಕಡಿಮೆ ಬಂದಿತ್ತು. ಉಂಡು ಕಾಲು ಚಾಚಿದ ಮಂಡಿಗಳಲ್ಲವೇ. ಸರ್ ಅವನ್ನು ಬಹಳ ಹೊತ್ತು ನೋಡಿ, "ಚೆನ್ನಾಗಿ ತಪ್ಪಿದ್ದೀರಿ ಇಬ್ಬರೂ" ಅಂದರು. ನನ್ನ ಓದಿನಲ್ಲಿ ಎಂದೂ ಯಾರೂ ನನ್ನನ್ನು ಹಾಗೆ ಹೊಗಳಿರಲಿಲ್ಲ. ನಲ್ಲೂರಿನ ಮೊದಲ ಹಾಳೆಗಳನ್ನು ಅವರು ಎಸೆಯಲಿಲ್ಲ. ಉತ್ತರ ಕೊಡುವವರು ಕೇಳುವವರನ್ನು ಸಮನಾಗಿ ನೋಡಿಕೊಂಡದ್ದರಿಂದ ಇವನ್ನು ಲೆಕ್ಕಕ್ಕೆ ಸೇರಿಸಿಲ್ಲ ಎಂದು ಅವುಗಳ ಮೇಲೆ ತಾವೇ ಬರೆದು ಸಹಿ ಹಾಕಿದರು.

ತಿಂಗಳ ಕೊನೆಯ ದಿನ ಅಕ್ಕನಿಗೆ ಆದೇಶ ಕೈಗೆ ಬಂತು. ಒಂದು ವರ್ಷ ಮುಂದುವರಿಕೆ. ಅದರ ಜೊತೆಗೆ, ಮುಂದಿನ ತಿಂಗಳು ಸೇರುವ ಹೊಸ ಹುಡುಗಿಯರಿಗೆ ಜನರನ್ನು ಹೇಗೆ ಕೇಳಬೇಕು ಎಂದು ಕಲಿಸುವ ಜವಾಬ್ದಾರಿಯೂ ಅವಳದೇ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಆ ಹಾಳೆಯನ್ನು ನನ್ನ ಕೈಗೆ ಕೊಟ್ಟು, "ಗಟ್ಟಿಯಾಗಿ ಓದೇ" ಅಂದಳು. ಅದು ಇಂಗ್ಲಿಷಿನಲ್ಲಿತ್ತು, ಆದರೆ ಇಂಗ್ಲಿಷನ್ನು ಅವಳು ನನ್ನಷ್ಟೇ ಚೆನ್ನಾಗಿ ಓದಬಲ್ಲಳು. ತುಂಬಿದ ಬಸ್ಸಿನಲ್ಲಿ ಗಟ್ಟಿಯಾಗಿ ಓದುವುದು ನನ್ನ ಸ್ವಭಾವವಲ್ಲ. ಓದಿದೆ. ಮುಂದಿನ ಸೀಟಿನ ಹೆಂಗಸು ತಿರುಗಿ, "ಏನ್ರೀ, ಒಳ್ಳೆ ಸುದ್ದಿನಾ?" ಅಂದಳು.

"ಹೂಂರಿ" ಎಂದಳು ಅಕ್ಕ. "ಕಲಿಸಾಕೆ ಹಾಕಿದಾರೆ ನನ್ನ."

"ಮೇಷ್ಟ್ರಾ?"

ಅಕ್ಕ ಯೋಚಿಸಿದಳು.

"ಹಂಗೇ ಅಂದ್ಕಳ್ರಿ" ಎಂದಳು ಅಕ್ಕ, ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸುತ್ತಾ.

ಬಸ್ಸು ಹೊಳೆಯ ಸೇತುವೆ ದಾಟಿ ಹೊನ್ನಾಳಿಗೆ ಬಂತು. ನಾನು ಇಳಿದೆ. ಅವಳು ನ್ಯಾಮತಿಗೆ ಮುಂದುವರಿಯಬೇಕಿತ್ತು. ಕಿಟಕಿಯಿಂದ ತಲೆ ಹೊರಹಾಕಿ, ಸ್ಟ್ಯಾಂಡಿನವರೆಲ್ಲ ಕೇಳುವಂತೆ ಕೂಗಿದಳು. "ಸೋಮವಾರ ಆ ಹುಡುಗೀರಿಗೆ ಮೊದಲು ಏನ್ ಹೇಳ್ಲಿ, ಯೋಚನೆ ಮಾಡಿ ಫೋನ್ ಮಾಡೇ!" ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ, "ಬ್ಯಾಡ ಬಿಡು, ನಂಗೆ ಗೊತ್ತೈತೆ. ಮೊದ್ಲು ಈರುಳ್ಳಿ ಹೆಚ್ಚಾಕೆ ಕಲೀರಿ ಅಂತೀನಿ" ಅಂದಳು. ಬಸ್ಸು ಹೊರಟಿತು.